ತಿದ್ದಿದ ಪ್ರಾಂಪ್ಟ್ ತಕ್ಷಣ ಜಾರಿಗೆ ಬರಲು: ಟೆಂಪ್ಲೇಟ್ ಫೈಲ್‌ಗಳ ಸ್ವಯಂ ಮರುಲೋಡ್‌ಗೆ ಒಂದು ಮಾರ್ಗದರ್ಶಿ

ಭಾಷಾ ಮಾದರಿಗಳನ್ನು, ಅಂದರೆ ಕೊಟ್ಟ ಸೂಚನೆಗೆ ಪಠ್ಯದಲ್ಲಿ ಉತ್ತರಿಸುವ ಎಐ ವ್ಯವಸ್ಥೆಗಳನ್ನು, ಬಳಸಿ ತಂತ್ರಾಂಶ ಕಟ್ಟುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಪ್ರಾಂಪ್ಟ್ ಫೈಲನ್ನು ತಿದ್ದಿ ಸೇವ್ ಮಾಡಿದ್ದೇನೆ, ಆದರೂ ಉತ್ತರ ಹಳೆಯ ಧಾಟಿಯಲ್ಲೇ ಬರುತ್ತಿದೆ. ಪ್ರತಿ ಸಲವೂ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಲೇಬೇಕೆ?" ಮಾಡಬೇಕಿಲ್ಲ. ಆದರೆ ಪರಿಹಾರಕ್ಕೆ ಕೈಹಾಕುವ ಮೊದಲು, ಇದು ಬರೀ ಸಮಯ ಉಳಿಸುವ ಸಂಗತಿಯಲ್ಲ ಎಂಬುದನ್ನು ತಿಳಿದಿರಬೇಕು. ಸಾಮಾನ್ಯ ಕೋಡ್‌ನಲ್ಲಿ ಹಳೆಯ ಪ್ರತಿ ಓಡುತ್ತಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ತಿದ್ದಿದ ಗುಂಡಿಯ ಬಣ್ಣ ಬದಲಾಗಿರುವುದಿಲ್ಲ, ಅಷ್ಟೆ. ಭಾಷಾ ಮಾದರಿಯ ವಿಷಯ ಹಾಗಲ್ಲ. ಅದೇ ಹಳೆಯ ಪ್ರಾಂಪ್ಟ್‌ಗೂ ಅದು ಪ್ರತಿ ಸಲ ಸ್ವಲ್ಪ ಬೇರೆ ಮಾತುಗಳಲ್ಲಿ ಉತ್ತರಿಸಬಹುದಾದ್ದರಿಂದ, ನೀವು ತಿದ್ದಿದ ಸಾಲು ಮಾದರಿಯನ್ನು ತಲುಪದೇ ಇದ್ದರೂ "ಈಗ ಸ್ವಲ್ಪ ಸುಧಾರಿಸಿದೆ" ಎಂದು ನಂಬಿ ಮುಂದೆ ಹೋಗುವ ಅಪಾಯವಿದೆ. ಆದ್ದರಿಂದ ಈ ಲೇಖನದಲ್ಲಿ ಮರುಲೋಡ್ ಮಾಡುವ ಬಗೆಯ ಜೊತೆಗೆ, ಮರುಲೋಡ್ ಆಗಿದೆ ಎಂದು ಖಚಿತಪಡಿಸಿಕೊಳ್ಳುವ ಬಗೆಗೂ ಅಷ್ಟೇ ಒತ್ತು ಕೊಟ್ಟಿದ್ದೇನೆ.

ಕೆಲವು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಂಪ್ಟ್ ಎಂದರೆ ಮಾದರಿಗೆ ನಾವು ಕಳಿಸುವ ಸೂಚನೆಯ ಪಠ್ಯ. ಬಳಕೆದಾರರ ಹೆಸರು, ಪ್ರಶ್ನೆ, ದಾಖಲೆಯ ತುಣುಕು ಮುಂತಾದವುಗಳಿಗೆ ಖಾಲಿ ಜಾಗ ಬಿಟ್ಟು ಬರೆದಿಟ್ಟ ಪ್ರಾಂಪ್ಟ್ ಒಂದು ಟೆಂಪ್ಲೇಟ್. ಆ ಜಾಗಗಳನ್ನು ತುಂಬಿ ಅಂತಿಮ ಪಠ್ಯ ಪಡೆಯುವುದನ್ನು ರೆಂಡರ್ ಮಾಡುವುದು ಎನ್ನುತ್ತೇವೆ. ಒಮ್ಮೆ ಓದಿದ್ದನ್ನು ಮತ್ತೆ ಓದದೆ ಬಳಸಲು ಮೆಮೊರಿಯಲ್ಲಿ ಇಟ್ಟುಕೊಂಡ ಪ್ರತಿಯೇ ಕ್ಯಾಶೆ. ಬದಲಾದ ಫೈಲನ್ನು ಪ್ರೋಗ್ರಾಂ ಮತ್ತೆ ಓದಿಕೊಳ್ಳುವುದೇ ಮರುಲೋಡ್. ಉದಾಹರಣೆಗಳನ್ನು ಹೆಚ್ಚಾಗಿ ಪೈಥಾನ್‌ನಿಂದ ಆರಿಸಿದ್ದೇನೆ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಮತ್ತು ಗೋ ಭಾಷೆ ಬಳಸುವವರಿಗೆ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಬೇಕಾದದ್ದು ಹೆಚ್ಚೇನಿಲ್ಲ. ಪ್ರಾಂಪ್ಟ್‌ಗಳು ಕೋಡ್‌ನ ಸಾಲುಗಳ ನಡುವೆ ಹುದುಗಿರದೆ ಒಂದು ಫೋಲ್ಡರ್‌ನಲ್ಲಿ ಪ್ರತ್ಯೇಕ ಫೈಲ್‌ಗಳಾಗಿರಬೇಕು, ಮತ್ತು ಪ್ರೋಗ್ರಾಂ ಬರೆಯುವ ಲಾಗ್, ಅಂದರೆ ಅದು ಓಡುವಾಗಿನ ದಾಖಲೆ, ನಿಮಗೆ ಕಾಣುವಂತಿರಬೇಕು.

1. ಹಳೆಯ ಪ್ರತಿ ಎಲ್ಲಿ ಕೂತಿದೆ ಎಂದು ಪತ್ತೆಹಚ್ಚಿ

ಬಹಳ ಮಂದಿ ಈ ಹಂತವನ್ನು ಬಿಟ್ಟು ನೇರವಾಗಿ ಫೈಲ್ ಕಾವಲು ಲೈಬ್ರರಿಯೊಂದನ್ನು ಹಾಕಿಕೊಳ್ಳುತ್ತಾರೆ. ಅದು ಬದಲಾವಣೆಯನ್ನು ಗಮನಿಸುತ್ತದೆ, ಆದರೆ ಹಳೆಯ ಪಠ್ಯ ಇದ್ದಲ್ಲೇ ಇರುತ್ತದೆ. ಫೈಲನ್ನು ಓದುವ ಸಾಲು ಎಲ್ಲಿದೆ ಎಂದು ಮೊದಲು ನೋಡಿ. ಪೈಥಾನ್‌ನಲ್ಲಿ ಒಂದು ಮಾಡ್ಯೂಲಿನ ಮೇಲ್ಮಟ್ಟದಲ್ಲಿ, ಅಂದರೆ ಯಾವ ಫಂಕ್ಷನ್‌ನ ಒಳಗೂ ಅಲ್ಲದೆ, ಫೈಲ್ ಓದಿ ಚರಾಂಶಕ್ಕೆ (ವೇರಿಯಬಲ್) ತುಂಬಿದ್ದರೆ, ಆ ಓದು ಪ್ರೋಗ್ರಾಂನ ಇಡೀ ಓಟದಲ್ಲಿ ಒಂದೇ ಸಲ ನಡೆಯುತ್ತದೆ. ಆಮೇಲೆ ಎಷ್ಟು ಕಡೆಯಿಂದ ಇಂಪೋರ್ಟ್ ಮಾಡಿದರೂ ಸಿಗುವುದು ಅದೇ ಪಠ್ಯ. ಓದುವ ಫಂಕ್ಷನ್‌ನ ನೆತ್ತಿಯ ಮೇಲೆ ಫಲಿತಾಂಶವನ್ನು ನೆನಪಿಟ್ಟುಕೊಳ್ಳುವ ಎಲ್‌ಆರ್‌ಯು ಕ್ಯಾಶೆ ಎಂಬ ಅಲಂಕಾರದ ಸಾಲು (ಡೆಕೊರೇಟರ್) ಇದ್ದರೂ, ಪ್ರೋಗ್ರಾಂ ಆರಂಭದಲ್ಲಿ ಸೃಷ್ಟಿಯಾಗುವ ಕ್ಲಾಸ್‌ನೊಳಗೆ ಓದಿದ್ದರೂ ಪರಿಣಾಮ ಅದೇ. ನೋಡ್‌ನಲ್ಲಿ ರಿಕ್ವೈರ್ ಮೂಲಕ ತಂದ ಜೇಸನ್ ಫೈಲ್ ಕೂಡ ಕ್ಯಾಶೆಯಲ್ಲೇ ಉಳಿಯುತ್ತದೆ.

ಎರಡು ಕಡೆ ಸಮಸ್ಯೆ ಇನ್ನೂ ಆಳದಲ್ಲಿರುತ್ತದೆ. ಗೋ ಭಾಷೆಯ 1.16ನೇ ಆವೃತ್ತಿಯಿಂದ ಬಂದ ಎಂಬೆಡ್ ಸೌಲಭ್ಯ ಬಳಸಿದ್ದರೆ, ಪ್ರಾಂಪ್ಟ್ ಫೈಲಿನ ಪಠ್ಯ ಕಂಪೈಲ್ ಮಾಡುವಾಗಲೇ ಪ್ರೋಗ್ರಾಂನ ಒಳಗೆ ಸೇರಿಹೋಗಿರುತ್ತದೆ. ಡಿಸ್ಕಿನ ಮೇಲಿನ ಫೈಲನ್ನು ಅದು ನೋಡುವುದೇ ಇಲ್ಲ. ಅಭಿವೃದ್ಧಿಯ ವೇಳೆ ಎಂಬೆಡ್ ಮಾಡಿದ ಫೈಲ್‌ಗಳ ಬದಲು ಡಿಸ್ಕಿನ ಫೋಲ್ಡರನ್ನೇ ಕೊಡಬೇಕು. ಎರಡಕ್ಕೂ ಒಂದೇ ಇಂಟರ್‌ಫೇಸ್ ಇರುವುದರಿಂದ ಉಳಿದ ಕೋಡ್ ಬದಲಾಗಬೇಕಿಲ್ಲ. ಪೈಥಾನ್‌ನಲ್ಲಿ ನಿಮ್ಮ ಪ್ರಾಜೆಕ್ಟನ್ನು ಪಿಪ್ ಎಂಬ ಇನ್‌ಸ್ಟಾಲ್ ಸಾಧನದ ಮೂಲಕ ಸಾಮಾನ್ಯ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದ್ದರೆ, ಪ್ರೋಗ್ರಾಂ ಓದುತ್ತಿರುವುದು ಸೈಟ್ ಪ್ಯಾಕೇಜಸ್ ಫೋಲ್ಡರ್‌ಗೆ ನಕಲಾದ ಪ್ರತಿಯನ್ನು, ನೀವು ತಿದ್ದುತ್ತಿರುವುದು ಮೂಲ ಪ್ರತಿಯನ್ನು. ಎಡಿಟಬಲ್ ಆಯ್ಕೆಯೊಂದಿಗೆ ಇನ್‌ಸ್ಟಾಲ್ ಮಾಡಿದರೆ ಎರಡೂ ಒಂದೇ ಆಗುತ್ತವೆ. ಅನುಮಾನವಿದ್ದಾಗ, ಪ್ರೋಗ್ರಾಂ ತೆರೆಯುತ್ತಿರುವ ಫೈಲಿನ ಪೂರ್ಣ ವಿಳಾಸವನ್ನು ಲಾಗ್‌ನಲ್ಲಿ ಮುದ್ರಿಸಿ ನೋಡಿ.

2. ಓದುವ ಕೆಲಸವನ್ನು ಒಂದೇ ಫಂಕ್ಷನ್‌ಗೆ ವಹಿಸಿ

ಟೆಂಪ್ಲೇಟ್‌ನ ಹೆಸರು ಕೊಟ್ಟರೆ ಪಠ್ಯವನ್ನು ಹಿಂದಿರುಗಿಸುವ ಒಂದು ಫಂಕ್ಷನ್ ಬರೆದು, ಇಡೀ ಪ್ರೋಗ್ರಾಂ ಅದರ ಮೂಲಕವೇ ಪ್ರಾಂಪ್ಟ್ ಪಡೆಯುವಂತೆ ಮಾಡಿ. ಮುಂದಿನ ಹಂತಗಳೆಲ್ಲ ಈ ಒಂದು ಫಂಕ್ಷನ್‌ನ ಒಳಗೇ ನಡೆಯುತ್ತವೆ. ಫೋಲ್ಡರಿನ ವಿಳಾಸವನ್ನು ಕೋಡ್ ಫೈಲ್ ಇರುವ ಜಾಗದಿಂದ ಲೆಕ್ಕಹಾಕಿ. ಟರ್ಮಿನಲ್‌ನಲ್ಲಿ ನೀವು ಆ ಹೊತ್ತಿಗೆ ನಿಂತಿರುವ ಫೋಲ್ಡರಿನಿಂದ ಲೆಕ್ಕಹಾಕಿದರೆ, ಬೇರೆ ಕಡೆಯಿಂದ ಪ್ರೋಗ್ರಾಂ ಓಡಿಸಿದ ದಿನ ಫೈಲ್ ಸಿಗುವುದಿಲ್ಲ. ಫೈಲ್ ತೆರೆಯುವಾಗ ಯುಟಿಎಫ್-8 (ಎಲ್ಲ ಲಿಪಿಗಳ ಅಕ್ಷರಗಳನ್ನೂ ಹಿಡಿಸುವ ಸಂಕೇತ ಪದ್ಧತಿ) ಎಂದು ಸ್ಪಷ್ಟವಾಗಿ ಹೇಳುವುದನ್ನು ಮರೆಯಬೇಡಿ. ಹೇಳದಿದ್ದರೆ ವಿಂಡೋಸ್‌ನಲ್ಲಿ ಪೈಥಾನ್ ಅನೇಕ ವೇಳೆ ಯಂತ್ರದ ಹಳೆಯ ಕೋಡ್ ಪೇಜನ್ನು ಬಳಸುತ್ತದೆ, ಆಗ ಪ್ರಾಂಪ್ಟ್‌ನಲ್ಲಿರುವ ಕನ್ನಡ ಅಕ್ಷರಗಳು ಕೆಟ್ಟುಹೋಗುತ್ತವೆ ಅಥವಾ ಓದುವಾಗಲೇ ದೋಷ ಬರುತ್ತದೆ.

3. ಅಭಿವೃದ್ಧಿಯ ವೇಳೆ ಪ್ರತಿ ಸಲವೂ ಫೈಲನ್ನು ಓದಿ

ಇದು ನನ್ನ ದೃಢವಾದ ಸಲಹೆ: ಮೊದಲು ಇದನ್ನೇ ಮಾಡಿ. ಹೆಚ್ಚಿನ ಪ್ರಾಜೆಕ್ಟ್‌ಗಳಿಗೆ ಇದಕ್ಕಿಂತ ಮುಂದಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮಾದರಿಯಿಂದ ಉತ್ತರ ಬರಲು ಹಲವು ಸೆಕೆಂಡುಗಳು ಹಿಡಿಯುವಾಗ, ಕೆಲವು ಕಿಲೋಬೈಟಿನ ಫೈಲೊಂದನ್ನು ಓದುವ ಹೊತ್ತು ಲೆಕ್ಕಕ್ಕೇ ಬಾರದು. ಒಮ್ಮೆ ಓದಿದ ಫೈಲನ್ನು ಕಾರ್ಯಾಚರಣಾ ವ್ಯವಸ್ಥೆ ತಾನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ ಬೇರೆ. ಕ್ಯಾಶೆಯೇ ಇಲ್ಲದಿದ್ದರೆ ಹಳೆಯ ಪ್ರತಿ ಉಳಿಯುವ ಪ್ರಶ್ನೆಯೂ ಇಲ್ಲ, ಕಾವಲು ಪ್ರೋಗ್ರಾಂ ಕೈಕೊಡುವ ಭಯವೂ ಇಲ್ಲ.

ಟೆಂಪ್ಲೇಟ್‌ಗಳು ನೂರಾರು ಇದ್ದು ಅವುಗಳನ್ನು ಪ್ರತಿ ಸಲ ಪಾರ್ಸ್ ಮಾಡುವುದು, ಅಂದರೆ ಪಠ್ಯವನ್ನು ಬಿಡಿಸಿ ಅದರ ರಚನೆಯನ್ನು ಗುರುತಿಸುವುದು, ನಿಜಕ್ಕೂ ಭಾರವೆನಿಸಿದರೆ ಮಾತ್ರ, ಫೈಲ್ ಕೊನೆಯದಾಗಿ ಬದಲಾದ ಸಮಯವನ್ನು ನೋಡಿ, ಅದು ಬೇರೆಯಾಗಿದ್ದಾಗಷ್ಟೇ ಓದುವ ದಾರಿಯನ್ನು ಹಿಡಿಯಿರಿ. ಇಲ್ಲಿ ಮೂರು ಹಳ್ಳಗಳಿವೆ. ಹೊಸ ಸಮಯ ಹಳೆಯದಕ್ಕಿಂತ ಮುಂದಿನದೇ ಎಂದು ಕೇಳಬೇಡಿ, ಬೇರೆಯೇ ಎಂದು ಕೇಳಿ; ಬ್ಯಾಕಪ್‌ನಿಂದ ಹಿಂದಿನ ಆವೃತ್ತಿಯನ್ನು ಸಮಯಮುದ್ರೆಯ ಸಮೇತ ತಂದಿಟ್ಟಾಗ ಫೈಲಿನ ಸಮಯ ಹಿಂದಕ್ಕೆ ಹೋಗಿರುತ್ತದೆ. ಎರಡನೆಯದು, ಕೆಲವು ಫೈಲ್ ವ್ಯವಸ್ಥೆಗಳು ಸಮಯವನ್ನು ಸೂಕ್ಷ್ಮವಾಗಿ ದಾಖಲಿಸುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಕಾಣುವ ಫ್ಯಾಟ್ ವ್ಯವಸ್ಥೆಯಲ್ಲಿ ಅದು 2 ಸೆಕೆಂಡುಗಳ ಲೆಕ್ಕದಲ್ಲಿರುತ್ತದೆ, ಬೇಗ ಬೇಗ ಎರಡು ಸಲ ಸೇವ್ ಮಾಡಿದರೆ ಎರಡನೆಯದು ಕಣ್ತಪ್ಪಬಹುದು. ಮೂರನೆಯದೇ ಹೆಚ್ಚು ಮಂದಿ ಬೀಳುವ ಹಳ್ಳ: ಮುಖ್ಯ ಟೆಂಪ್ಲೇಟ್ ಇನ್ನೊಂದು ಸಣ್ಣ ಫೈಲನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದು ನೀವು ಆ ಸಣ್ಣ ಫೈಲನ್ನು ತಿದ್ದಿದರೆ, ಮುಖ್ಯ ಫೈಲಿನ ಸಮಯ ಬದಲಾಗುವುದೇ ಇಲ್ಲ.

4. ಪ್ರತಿ ಕರೆಗೂ ಪ್ರಾಂಪ್ಟ್‌ನ ಗುರುತನ್ನು ಲಾಗ್‌ನಲ್ಲಿ ಬರೆಯಿರಿ

ಉಳಿದ ಯಾವ ಹಂತವನ್ನು ಕೈಬಿಟ್ಟರೂ ಇದನ್ನು ಬಿಡಬೇಡಿ. ಪಠ್ಯವನ್ನು ಹ್ಯಾಷ್ ಮಾಡುವುದೆಂದರೆ, ಅದರ ಪ್ರತಿಯೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಗದಿತ ಉದ್ದದ ಒಂದು ಗುರುತನ್ನು ಪಡೆಯುವುದು. ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಟೆಂಪ್ಲೇಟ್‌ನ ಪಠ್ಯಕ್ಕೆ ಎಸ್‌ಎಚ್‌ಎ-256 ಎಂಬ ಹ್ಯಾಷ್ ಲೆಕ್ಕಹಾಕಿ ಮೊದಲ 8 ಅಂಕೆಗಳನ್ನು ತೆಗೆದುಕೊಂಡರೆ ಸಾಕು. ಮಾದರಿಗೆ ಕರೆ ಹೋಗುವ ಪ್ರತಿ ಸಲವೂ ಲಾಗ್‌ನಲ್ಲಿ ಇಂಥ ಒಂದು ಸಾಲು ಬೀಳಲಿ:

ಪ್ರಾಂಪ್ಟ್: ದೂರು-ವಿಂಗಡಣೆ | ಟೆಂಪ್ಲೇಟ್ ಗುರುತು: 40917263 | ರೆಂಡರ್ ಗುರುತು: 88150942

ಮೊದಲ ಗುರುತು ಫೈಲಿನದು, ಎರಡನೆಯದು ಖಾಲಿ ಜಾಗಗಳು ತುಂಬಿದ ಮೇಲಿನ ಅಂತಿಮ ಪಠ್ಯದ್ದು. ಸಣ್ಣ ಫೈಲ್‌ಗಳನ್ನು ಒಳಗೆ ಸೇರಿಸಿಕೊಳ್ಳುವ ಟೆಂಪ್ಲೇಟ್‌ಗಳಿರುವಲ್ಲಿ ಎರಡನೆಯದು ಅತ್ಯಗತ್ಯ, ಏಕೆಂದರೆ ಸಣ್ಣ ಫೈಲ್ ಬದಲಾದರೆ ಅದು ಕಾಣಿಸುವುದು ಇಲ್ಲಿ ಮಾತ್ರ. ಈಗ ಒಂದು ಪದ ತಿದ್ದಿ, ಸೇವ್ ಮಾಡಿ, ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿ. ಗುರುತು ಬದಲಾಗಿದ್ದರೆ ಹೊಸ ಪಠ್ಯವೇ ಹೋಗಿದೆ. ಬದಲಾಗದಿದ್ದರೆ, ಉತ್ತರ ಎಷ್ಟೇ ಬೇರೆಯಾಗಿ ಕಂಡರೂ ಅದು ಹಳೆಯ ಪ್ರಾಂಪ್ಟ್‌ನ ಉತ್ತರ. ಪರೀಕ್ಷೆಯ ಫಲಿತಾಂಶಗಳನ್ನು ಬರೆದಿಡುವಾಗಲೂ ಈ ಗುರುತನ್ನು ಪಕ್ಕದಲ್ಲಿ ಬರೆದಿಟ್ಟರೆ, ಯಾವ ಆವೃತ್ತಿಗೆ ಯಾವ ಉತ್ತರ ಬಂದಿತ್ತು ಎಂದು ಆಮೇಲೆ ತಲೆಕೆಡಿಸಿಕೊಳ್ಳಬೇಕಿಲ್ಲ.

ರೆಂಡರ್ ಆದ ಪೂರ್ತಿ ಪಠ್ಯವನ್ನೇ ಲಾಗ್‌ಗೆ ಸುರಿಯುವ ಮುನ್ನ ಯೋಚಿಸಿ. ಅದರಲ್ಲಿ ಬಳಕೆದಾರರ ಖಾಸಗಿ ವಿವರಗಳು ಇರಬಹುದು. ಗುರುತು ಬರೆಯುವುದರಿಂದ ಆ ತೊಂದರೆ ಇರುವುದಿಲ್ಲ.

5. ಜಿಂಜಾ ಬಳಸುತ್ತಿದ್ದರೆ ಇವನ್ನು ಸರಿಪಡಿಸಿ

ಪೈಥಾನ್‌ನಲ್ಲಿ ಪ್ರಾಂಪ್ಟ್‌ಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವ ಟೆಂಪ್ಲೇಟ್ ಎಂಜಿನ್‌ಗಳಲ್ಲಿ ಜಿಂಜಾ ಒಂದು. ಇದರಲ್ಲಿ ಸ್ವಯಂ ಮರುಲೋಡ್ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ: ಟೆಂಪ್ಲೇಟನ್ನು ಕೇಳಿದಾಗಲೆಲ್ಲ ಅದು ಫೈಲಿನ ಸಮಯ ನೋಡಿ, ಬದಲಾಗಿದ್ದರೆ ಮತ್ತೆ ಓದುತ್ತದೆ. ಒಳಗೆ ಸೇರಿಸಿಕೊಂಡ ಫೈಲ್‌ಗಳನ್ನೂ ರೆಂಡರ್ ಮಾಡುವಾಗ ಇದೇ ರೀತಿ ಪರಿಶೀಲಿಸುತ್ತದೆ. ಹಾಗಿದ್ದೂ ಅನೇಕರಿಗೆ ಹಳೆಯ ಪಠ್ಯವೇ ಬರುವುದೇಕೆ? ಪರಿಶೀಲನೆ ನಡೆಯುವುದು ಕೇಳಿದಾಗ ಮಾತ್ರ. ಎನ್ವಿರಾನ್‌ಮೆಂಟ್‌ನಿಂದ, ಅಂದರೆ ಟೆಂಪ್ಲೇಟ್‌ಗಳನ್ನು ಹುಡುಕಿಕೊಡುವ ಜಿಂಜಾದ ಮುಖ್ಯ ಆಬ್ಜೆಕ್ಟ್‌ನಿಂದ, ಟೆಂಪ್ಲೇಟನ್ನು ಒಮ್ಮೆ ಪಡೆದು ಚರಾಂಶದಲ್ಲಿ ಹಿಡಿದಿಟ್ಟುಕೊಂಡು, ಪ್ರತಿ ಸಲ ಅದನ್ನೇ ರೆಂಡರ್ ಮಾಡುತ್ತಿದ್ದರೆ ಜಿಂಜಾಗೆ ಆ ಟೆಂಪ್ಲೇಟನ್ನು ಪರಿಶೀಲಿಸುವ ಅವಕಾಶವೇ ಸಿಗುವುದಿಲ್ಲ. ಹಿಡಿದಿಟ್ಟುಕೊಳ್ಳಬೇಕಾದದ್ದು ಎನ್ವಿರಾನ್‌ಮೆಂಟನ್ನು, ಟೆಂಪ್ಲೇಟನ್ನು ಬೇಕಾದಾಗಲೆಲ್ಲ ಹೊಸದಾಗಿ ಕೇಳಿ. ಫೈಲಿನ ಪಠ್ಯವನ್ನು ನೀವೇ ಓದಿ ಸ್ಟ್ರಿಂಗ್ ರೂಪದಲ್ಲಿ ಜಿಂಜಾಗೆ ಕೊಟ್ಟಿದ್ದರೂ ಮರುಲೋಡ್ ಆಗದು, ಅದಕ್ಕೆ ಫೈಲಿನ ಪರಿಚಯವೇ ಇರುವುದಿಲ್ಲ.

ಪ್ರೋಗ್ರಾಂ ಓಡುತ್ತಿರುವಾಗಲೇ ಟೆಂಪ್ಲೇಟ್ ತಿದ್ದುವವರು ಇನ್ನೊಂದು ಆಯ್ಕೆಯನ್ನು ಖಂಡಿತ ಬದಲಾಯಿಸಿಕೊಳ್ಳಬೇಕು. ಟೆಂಪ್ಲೇಟ್‌ನಲ್ಲಿ ಬರೆದ ಚರಾಂಶದ ಹೆಸರು ಕೋಡ್ ಕೊಡುವ ಹೆಸರಿಗೆ ಹೊಂದದಿದ್ದರೆ, ಜಿಂಜಾ ಯಾವ ದೂರೂ ಹೇಳದೆ ಆ ಜಾಗವನ್ನು ಖಾಲಿ ಬಿಡುತ್ತದೆ. "ಕೆಳಗಿನ ದಾಖಲೆಯನ್ನು ಓದಿ ಸಾರಾಂಶ ಬರೆ" ಎಂಬ ಸಾಲಿನ ಕೆಳಗೆ ದಾಖಲೆಯೇ ಇರುವುದಿಲ್ಲ, ಮಾದರಿ ತನಗೆ ತೋಚಿದ್ದನ್ನು ಬರೆಯುತ್ತದೆ. ಸ್ಟ್ರಿಕ್ಟ್ ಅನ್‌ಡಿಫೈನ್ಡ್ ಎಂಬುದನ್ನು ಎನ್ವಿರಾನ್‌ಮೆಂಟ್‌ಗೆ ಕೊಟ್ಟರೆ ಇಂಥ ಕಡೆ ದೋಷ ಎದ್ದು ಕಾಣುತ್ತದೆ.

ಪೈಥಾನ್‌ನ ವೆಬ್ ಚೌಕಟ್ಟಾದ ಫ್ಲಾಸ್ಕ್‌ನ ಮೂಲಕ ರೆಂಡರ್ ಮಾಡುವವರು ಫೈಲಿನ ಹೆಸರಿನ ಕೊನೆಗೂ ಗಮನ ಕೊಡಬೇಕು. ಎಚ್‌ಟಿಎಂಎಲ್ ಎಂದು ಕೊನೆಯಾಗುವ ಫೈಲ್‌ಗಳಲ್ಲಿ ಅದು ಕೋನ ಚಿಹ್ನೆ, ಉದ್ಧರಣ ಚಿಹ್ನೆಗಳನ್ನು ವೆಬ್ ಪುಟಕ್ಕೆ ಸುರಕ್ಷಿತವಾಗುವಂತೆ ಪರಿವರ್ತಿಸುತ್ತದೆ, ಪ್ರಾಂಪ್ಟ್‌ನಲ್ಲಿ ಅವು ಕಸವಾಗಿ ಮಾದರಿಗೆ ಹೋಗುತ್ತವೆ. ಪ್ರಾಂಪ್ಟ್‌ಗಳಿಗೆ ಸರಳ ಪಠ್ಯದ ಅಥವಾ ಮಾರ್ಕ್‌ಡೌನ್‌ನ ಹೆಸರನ್ನೇ ಇಡಿ. ಫ್ಲಾಸ್ಕ್‌ನಲ್ಲಿ ಟೆಂಪ್ಲೇಟ್ ಮರುಲೋಡ್ ಡೀಬಗ್ ಸ್ಥಿತಿಯಲ್ಲಿ ಮಾತ್ರ ತಾನಾಗಿ ಚಾಲೂ ಆಗುತ್ತದೆ ಎಂಬುದೂ ನೆನಪಿರಲಿ.

6. ಸರ್ವರ್ ಮರುಆರಂಭದ ದಾರಿ ಹಿಡಿಯುವುದಾದರೆ

ಫೈಲ್ ಬದಲಾದಾಗ ಇಡೀ ಸರ್ವರನ್ನೇ ಮತ್ತೆ ಆರಂಭಿಸುವ ಸೌಲಭ್ಯ ಹೆಚ್ಚಿನ ಸಾಧನಗಳಲ್ಲಿದೆ, ಆದರೆ ಅವು ಪ್ರಾಂಪ್ಟ್ ಫೈಲ್‌ಗಳನ್ನು ತಾವಾಗಿ ಗಮನಿಸುವುದಿಲ್ಲ. ಪೈಥಾನ್‌ನ ವೆಬ್ ಸರ್ವರ್ ಆದ ಯುವಿಕಾರ್ನ್ ರೀಲೋಡ್ ಸ್ಥಿತಿಯಲ್ಲಿ ಪೈಥಾನ್ ಫೈಲ್‌ಗಳನ್ನಷ್ಟೇ ನೋಡುತ್ತದೆ. ಬೇರೆ ಬಗೆಯ ಫೈಲ್‌ಗಳನ್ನು ಸೇರಿಸಲು ರೀಲೋಡ್ ಇನ್‌ಕ್ಲೂಡ್ ಎಂಬ ಆಯ್ಕೆ ಕೊಡಬೇಕು, ಮತ್ತು ವಾಚ್‌ಫೈಲ್ಸ್ ಎಂಬ ಲೈಬ್ರರಿ ಇನ್‌ಸ್ಟಾಲ್ ಆಗಿರದಿದ್ದರೆ ಆ ಆಯ್ಕೆಯಿಂದ ಯಾವ ಪರಿಣಾಮವೂ ಆಗುವುದಿಲ್ಲ. ಫ್ಲಾಸ್ಕ್‌ಗೆ ಹೆಚ್ಚುವರಿ ಫೈಲ್‌ಗಳ ಪಟ್ಟಿ ಕೊಡಬಹುದು, ನೋಡ್ ಪ್ರೋಗ್ರಾಂಗಳನ್ನು ಮರುಆರಂಭಿಸುವ ನೋಡ್‌ಮಾನ್‌ಗೆ ಗಮನಿಸಬೇಕಾದ ಫೈಲ್ ಬಗೆಗಳನ್ನು ಹೇಳಬಹುದು. ನೋಡ್‌ನ ಸ್ವಂತ ವಾಚ್ ಸ್ಥಿತಿ ಇಂಪೋರ್ಟ್ ಆದ ಮಾಡ್ಯೂಲ್‌ಗಳನ್ನು ನೋಡುತ್ತದೆಯೇ ಹೊರತು, ಪ್ರೋಗ್ರಾಂ ಓಡುವಾಗ ತೆರೆದು ಓದಿದ ಫೈಲ್‌ಗಳನ್ನಲ್ಲ.

ಪ್ರಾಂಪ್ಟ್‌ಗಳ ಮಟ್ಟಿಗೆ ಈ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಮರುಆರಂಭವಾದಾಗ ಮೆಮೊರಿಯಲ್ಲಿದ್ದ ಸಂಭಾಷಣೆ ಅಳಿಸಿಹೋಗುತ್ತದೆ, ಆರಂಭದಲ್ಲಿ ತುಂಬಿಕೊಂಡ ದೊಡ್ಡ ದತ್ತಾಂಶವನ್ನು ಮತ್ತೆ ತುಂಬಬೇಕಾಗುತ್ತದೆ. ಹತ್ತನೆಯ ಮಾತಿನಲ್ಲಿ ಎಡವುವ ಪ್ರಾಂಪ್ಟನ್ನು ಸರಿಪಡಿಸಲು ಪ್ರತಿ ಸಲ ಮೊದಲ ಮಾತಿನಿಂದ ಹೊರಡಬೇಕಾದರೆ ಕೆಲಸ ಸಾಗದು.

7. ಫೈಲ್ ಕಾವಲು ನಿಜಕ್ಕೂ ಬೇಕಾದಾಗ

ಸೇವ್ ಮಾಡಿದೊಡನೆ ಒಂದಷ್ಟು ಪರೀಕ್ಷಾ ಪ್ರಶ್ನೆಗಳು ತಾವಾಗಿ ಓಡಿ ಉತ್ತರಗಳು ಪರದೆಯಲ್ಲಿ ಬರಬೇಕು ಎಂದಿದ್ದರೆ, ಫೈಲನ್ನು ಕಾಯುವ ಪ್ರೋಗ್ರಾಂ ಬೇಕಾಗುತ್ತದೆ. ಬದಲಾವಣೆಯ ಸುದ್ದಿಯನ್ನು ಕಾರ್ಯಾಚರಣಾ ವ್ಯವಸ್ಥೆಯೇ ಕೊಡುತ್ತದೆ. ಲಿನಕ್ಸ್‌ನಲ್ಲಿ ಈ ವ್ಯವಸ್ಥೆಯ ಹೆಸರು ಐನೋಟಿಫೈ, ಮ್ಯಾಕ್‌ನಲ್ಲಿ ಎಫ್‌ಎಸ್‌ಇವೆಂಟ್ಸ್. ಪೈಥಾನ್‌ನಲ್ಲಿ ವಾಚ್‌ಫೈಲ್ಸ್, ನೋಡ್‌ನಲ್ಲಿ ಚೋಕಿಡಾರ್ ಇವುಗಳ ಮೇಲೆ ಕಟ್ಟಿದ ಲೈಬ್ರರಿಗಳು. ಇವನ್ನು ಬಳಸುವಾಗ ಒಂಟಿ ಫೈಲನ್ನು ಕಾಯಲು ಹೇಳದೆ ಫೋಲ್ಡರನ್ನು ಕಾಯಲು ಹೇಳಿ. ಅನೇಕ ಎಡಿಟರ್‌ಗಳು ಸೇವ್ ಮಾಡುವಾಗ ಹೊಸ ಪಠ್ಯವನ್ನು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಅದಕ್ಕೆ ಹಳೆಯ ಹೆಸರನ್ನು ಇಡುತ್ತವೆ. ಹೆಸರು ಅದೇ ಆದರೂ ಫೈಲ್ ಬೇರೆಯದಾಗಿರುವುದರಿಂದ, ಒಂಟಿ ಫೈಲಿನ ಮೇಲಿನ ಕಾವಲು ಮೊದಲ ಸೇವ್‌ಗೆ ಸ್ಪಂದಿಸಿ ಆಮೇಲೆ ಮೌನವಾಗಿಬಿಡಬಹುದು. "ಒಂದು ಸಲ ಕೆಲಸ ಮಾಡುತ್ತದೆ, ಎರಡನೆಯ ಸಲ ಇಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಡಾಕರ್‌ನ ಕಂಟೈನರ್‌ಗೆ (ಪ್ರೋಗ್ರಾಂ ಓಡುವ ಪ್ರತ್ಯೇಕ ಪೆಟ್ಟಿಗೆ) ಒಂದೇ ಫೈಲನ್ನು ಮೌಂಟ್ ಮಾಡಿದ್ದರೂ, ಅಂದರೆ ಒಳಗೆ ಕಾಣುವಂತೆ ಜೋಡಿಸಿದ್ದರೂ, ಇದೇ ಕಾರಣಕ್ಕೆ ಕಂಟೈನರ್ ಹಳೆಯ ಫೈಲನ್ನೇ ನೋಡುತ್ತಿರುತ್ತದೆ. ಫೋಲ್ಡರನ್ನೇ ಮೌಂಟ್ ಮಾಡಿ.

ಒಂದು ಸೇವ್‌ಗೆ ಹಲವು ಸುದ್ದಿಗಳು ಬರುವುದು ಸಹಜ. ಮೊದಲ ಸುದ್ದಿ ಬಂದಮೇಲೆ ಸ್ವಲ್ಪ ಹೊತ್ತು ಕಾದು ಎಲ್ಲವನ್ನೂ ಒಟ್ಟುಗೂಡಿಸುವುದಕ್ಕೆ ಡಿಬೌನ್ಸ್ ಎನ್ನುತ್ತಾರೆ. ಮೇಲಿನ ಲೈಬ್ರರಿಗಳಲ್ಲಿ ಇದಕ್ಕೆ ಆಯ್ಕೆಗಳಿವೆ. ಎಡಿಟರ್‌ಗಳು ಹುಟ್ಟಿಸುವ ತಾತ್ಕಾಲಿಕ ಫೈಲ್‌ಗಳನ್ನು ಸೋಸಿ, ಪ್ರಾಂಪ್ಟ್ ಫೈಲ್‌ಗಳ ಹೆಸರಿನ ಕೊನೆಯಿರುವವನ್ನಷ್ಟೇ ಪರಿಗಣಿಸಿ. ವಿಂಡೋಸ್‌ನ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಬಳಸುವವರ ಪ್ರಾಜೆಕ್ಟ್ ವಿಂಡೋಸ್‌ನ ಸಿ ಡ್ರೈವ್‌ನಲ್ಲಿದ್ದರೆ ಲಿನಕ್ಸ್ ಕಡೆಗೆ ಬದಲಾವಣೆಯ ಸುದ್ದಿ ತಲುಪುವುದಿಲ್ಲ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಸಾಗಿಸಿ, ಇಲ್ಲವೇ ಪೋಲಿಂಗ್ ಆಯ್ಕೆಯನ್ನು, ಅಂದರೆ ಸುದ್ದಿಗೆ ಕಾಯದೆ ಆಗಾಗ ತಾನೇ ಹೋಗಿ ನೋಡುವ ವಿಧಾನವನ್ನು, ಚಾಲೂ ಮಾಡಿ. ಲಿನಕ್ಸ್‌ನಲ್ಲಿ ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ ಕಾವಲು ಪ್ರೋಗ್ರಾಂ "ಜಾಗವಿಲ್ಲ" ಎಂಬ ದೋಷ ತೋರಿಸಿದರೆ, ತುಂಬಿರುವುದು ಡಿಸ್ಕ್ ಅಲ್ಲ, ಐನೋಟಿಫೈ ಕಾವಲುಗಳ ಮಿತಿ. ದೊಡ್ಡ ಲೈಬ್ರರಿ ಫೋಲ್ಡರ್‌ಗಳನ್ನು ಕಾವಲಿನಿಂದ ಹೊರಗಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಹಣದ್ದು. ವಿಎಸ್ ಕೋಡ್ ಎಡಿಟರ್‌ನ ಸ್ವಯಂ ಸೇವ್ ಅನ್ನು ವಿಳಂಬದ ಸ್ಥಿತಿಯಲ್ಲಿ ಹಾಕಿಕೊಂಡಿದ್ದರೆ, ನೀವು ಬೇರೆ ಬದಲಾಯಿಸದ ಹೊರತು ಟೈಪಿಂಗ್ ನಿಲ್ಲಿಸಿದ 1000 ಮಿಲಿಸೆಕೆಂಡಿಗೆ ಫೈಲ್ ಸೇವ್ ಆಗುತ್ತದೆ. ಅಂದರೆ ವಾಕ್ಯದ ನಡುವೆ ನೀವು ಯೋಚಿಸಲು ನಿಂತಾಗಲೆಲ್ಲ, ಅರ್ಧ ಬರೆದ ಸೂಚನೆಯೊಂದಿಗೆ ಹಣ ತೆರುವ ಮಾದರಿಗೆ ಹತ್ತಾರು ಕರೆಗಳು ಹೋಗುತ್ತವೆ. ಪ್ರಾಂಪ್ಟ್ ಫೋಲ್ಡರಿಗೆ ಸ್ವಯಂ ಸೇವ್ ಬೇಡ. ಕರೆಗಳ ಸಂಖ್ಯೆಗೂ ಒಂದು ಮಿತಿ ಹಾಕಿ.

8. ಕೆಟ್ಟ ಟೆಂಪ್ಲೇಟ್ ಬಂದಾಗ ಏನಾಗಬೇಕು ಎಂದು ನಿರ್ಧರಿಸಿ

ಮುಚ್ಚದೆ ಬಿಟ್ಟ ಒಂದು ಆವರಣದಿಂದ ಟೆಂಪ್ಲೇಟ್ ಪಾರ್ಸ್ ಆಗದಿರಬಹುದು. ಆಗ ಕೊನೆಯ ಸರಿಯಾದ ಪ್ರತಿಯನ್ನು ಬಳಸಿ ಮುಂದುವರಿಯಿರಿ ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಅಭಿವೃದ್ಧಿಯ ಹಂತದಲ್ಲಿ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಹಳೆಯ ಪ್ರತಿ ಸದ್ದಿಲ್ಲದೆ ಓಡುವುದೇ ನಾವು ಬಿಡಿಸಿಕೊಳ್ಳಲು ಹೊರಟ ತೊಂದರೆ. ದೋಷ ಕೂಡಲೇ ಬರಲಿ, ಯಾವ ಫೈಲಿನ ಎಷ್ಟನೆಯ ಸಾಲು ಎಂದು ಹೇಳಲಿ. ಇದಕ್ಕೆ ಒಂದೇ ಒಂದು ವಿನಾಯಿತಿ ಉಂಟು: ಎಡಿಟರ್ ಬರೆಯುತ್ತಿರುವ ಕ್ಷಣದಲ್ಲೇ ಓದಿದರೆ ಫೈಲ್ ಖಾಲಿ ಕಾಣಬಹುದು. ಖಾಲಿ ಪಠ್ಯ ಸಿಕ್ಕರೆ ಸುಮಾರು 100 ಮಿಲಿಸೆಕೆಂಡು ಬಿಟ್ಟು ಇನ್ನೊಮ್ಮೆ ಓದಿ, ಆಗಲೂ ಖಾಲಿಯಿದ್ದರೆ ದೋಷವೆಂದೇ ತಿಳಿಸಿ.

9. ಫೈಲಿನ ಆಚೆ ಉಳಿದ ಹಳೆಯ ಪಠ್ಯವನ್ನು ತೆರವುಗೊಳಿಸಿ

ಟೆಂಪ್ಲೇಟ್ ಓದುವ ಫಂಕ್ಷನ್ ಸರಿಯಾದ ಮೇಲೂ ಹಳೆಯ ಪ್ರಾಂಪ್ಟ್ ಅಡಗಿರಬಹುದಾದ ಜಾಗಗಳಿವೆ. ಚಾಟ್ ಅಪ್ಲಿಕೇಶನ್‌ಗಳಲ್ಲಿ ಸಿಸ್ಟಂ ಪ್ರಾಂಪ್ಟ್, ಅಂದರೆ ಮಾದರಿಯ ವರ್ತನೆಯನ್ನು ನಿಗದಿಪಡಿಸುವ ಆರಂಭದ ಸೂಚನೆ, ಅನೇಕ ವೇಳೆ ಸಂಭಾಷಣೆಯ ಮೊದಲ ಸಂದೇಶವಾಗಿ ಇತಿಹಾಸದಲ್ಲಿ ಸೇರಿಹೋಗಿರುತ್ತದೆ. ಫೈಲ್ ತಿದ್ದಿದರೂ ಆಗಲೇ ಶುರುವಾದ ಸಂಭಾಷಣೆ ಆ ಹಳೆಯ ಸಂದೇಶವನ್ನೇ ಹೊತ್ತು ಸಾಗುತ್ತದೆ. ಇತಿಹಾಸದಲ್ಲಿ ಬಳಕೆದಾರರ ಮತ್ತು ಮಾದರಿಯ ಮಾತುಗಳನ್ನಷ್ಟೇ ಇಟ್ಟು, ಸಿಸ್ಟಂ ಪ್ರಾಂಪ್ಟನ್ನು ಪ್ರತಿ ಕರೆಗೂ ಹೊಸದಾಗಿ ಸೇರಿಸಿದರೆ ಈ ತೊಡಕು ನೀಗುತ್ತದೆ. ಖರ್ಚು ಉಳಿಸಲು ಮಾದರಿಯ ಉತ್ತರಗಳನ್ನೇ ಕ್ಯಾಶೆ ಮಾಡಿದ್ದರೆ, ಅದರ ಕೀಲಿಯಲ್ಲಿ, ಅಂದರೆ ಉತ್ತರವನ್ನು ಹುಡುಕಲು ಬಳಸುವ ಹೆಸರಿನಲ್ಲಿ, ಬಳಕೆದಾರರ ಪ್ರಶ್ನೆಯ ಜೊತೆಗೆ ನಾಲ್ಕನೆಯ ಹಂತದ ರೆಂಡರ್ ಗುರುತೂ ಇರಲೇಬೇಕು.

ಇದಕ್ಕೆ ತದ್ವಿರುದ್ಧವಾದ ಎಡವಟ್ಟೂ ಉಂಟು. ಒಂದೇ ಕೋರಿಕೆಗಾಗಿ ಹಲವು ಹಂತಗಳಲ್ಲಿ ಮಾದರಿಯನ್ನು ಕರೆಯುವ ಪ್ರೋಗ್ರಾಂ ಅರ್ಧದಲ್ಲಿರುವಾಗ ನೀವು ಸೇವ್ ಮಾಡಿದರೆ, ಮೊದಲರ್ಧ ಹಳೆಯ ಪ್ರಾಂಪ್ಟ್‌ನಲ್ಲೂ ಉಳಿದರ್ಧ ಹೊಸದರಲ್ಲೂ ನಡೆದು, ಯಾವುದಕ್ಕೂ ಸೇರದ ಫಲಿತಾಂಶ ಬರುತ್ತದೆ. ಕೋರಿಕೆ ಆರಂಭವಾದಾಗ ಬೇಕಾದ ಟೆಂಪ್ಲೇಟ್‌ಗಳನ್ನೆಲ್ಲ ಒಟ್ಟಿಗೆ ಓದಿ, ಆ ಕೋರಿಕೆ ಮುಗಿಯುವವರೆಗೆ ಅವನ್ನೇ ಬಳಸಿ.

10. ಬಳಕೆಗೆ ಬಿಡುವಾಗ ಮರುಲೋಡ್ ನಿಲ್ಲಿಸಿ

ಮರುಲೋಡ್ ಚಾಲೂ ಇರಬೇಕೇ ಎಂಬುದನ್ನು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ನಿರ್ಧರಿಸಲಿ, ಮತ್ತು ಅದನ್ನು ಯಾರೂ ಹೊಂದಿಸದಿದ್ದಾಗ ಮರುಲೋಡ್ ನಿಂತಿರಲಿ. ಜನ ಬಳಸುವ ಸರ್ವರ್‌ನಲ್ಲಿ ಎಲ್ಲ ಟೆಂಪ್ಲೇಟ್‌ಗಳನ್ನೂ ಆರಂಭದಲ್ಲೇ ಓದಿ ಪಾರ್ಸ್ ಮಾಡಿ, ಒಂದು ಕೆಟ್ಟಿದ್ದರೂ ಸರ್ವರ್ ಆರಂಭವೇ ಆಗದಂತೆ ಮಾಡಿ. ಜಿಂಜಾದ ಸ್ವಯಂ ಮರುಲೋಡನ್ನು ಇಲ್ಲಿ ನೀವೇ ನಿಲ್ಲಿಸಬೇಕು. ಅಲ್ಲಿ ಹಲವು ವರ್ಕರ್ ಪ್ರೋಸೆಸ್‌ಗಳು, ಅಂದರೆ ಅದೇ ಪ್ರೋಗ್ರಾಂನ ಪ್ರತಿಗಳು, ಓಡುತ್ತಿದ್ದು ಪ್ರತಿಯೊಂದಕ್ಕೂ ತನ್ನದೇ ಕ್ಯಾಶೆ ಇರುವುದರಿಂದ, ಮರುಲೋಡನ್ನು ಚಾಲೂ ಇಟ್ಟರೆ ಒಂದೇ ಗಳಿಗೆಯಲ್ಲಿ ಇಬ್ಬರು ಬಳಕೆದಾರರಿಗೆ ಬೇರೆ ಬೇರೆ ಪ್ರಾಂಪ್ಟ್ ಹೋಗಬಹುದು. ನಾಲ್ಕನೆಯ ಹಂತದ ಗುರುತನ್ನು ಮಾತ್ರ ಅಲ್ಲಿಯೂ ಉಳಿಸಿಕೊಳ್ಳಿ.

ಪ್ರಾಂಪ್ಟ್ ಫೈಲ್‌ಗಳು ಕೋಡ್ ಇರುವ ಗಿಟ್ ಭಂಡಾರದಲ್ಲೇ ಇರಲಿ. ಪ್ರತಿ ಟೆಂಪ್ಲೇಟನ್ನೂ ಉದಾಹರಣೆಯ ಮೌಲ್ಯಗಳಿಂದ ರೆಂಡರ್ ಮಾಡಿ ನೋಡುವ ಒಂದು ಪರೀಕ್ಷೆಯನ್ನು ಬರೆದು, ಕೋಡ್ ಸೇರಿಸುವ ಪ್ರತಿ ಸಲ ಅದು ಓಡುವಂತೆ ಮಾಡಿ. ಈ ಪರೀಕ್ಷೆ ಭಾಷಾ ಮಾದರಿಯನ್ನು ಕರೆಯುವುದೇ ಇಲ್ಲವಾದ್ದರಿಂದ ಹಣ ಖರ್ಚಾಗುವುದಿಲ್ಲ, ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.